ಮುಖ ಕಾಣದ ಆರು ಮಂದಿ

ಒಂದು ಸೆಕೆಂಡಿನ ನಾನೂರನೆಯ ಒಂದು ಭಾಗ. 1945ರ ಫೆಬ್ರವರಿ 23ರಂದು, ಪೆಸಿಫಿಕ್ ಸಾಗರದ ಇವೋ ಜಿಮಾ ದ್ವೀಪದಲ್ಲಿ ಛಾಯಾಗ್ರಾಹಕ ಜೋ ರೋಸೆಂಥಾಲ್ ಅವರ ಕ್ಯಾಮೆರಾ ಕಣ್ಣು ತೆರೆದು ಮುಚ್ಚಿದ್ದು ಅಷ್ಟೇ ಹೊತ್ತು. ಸುರಿಬಾಚಿ ಬೆಟ್ಟದ ನೆತ್ತಿಯಲ್ಲಿ ಆರು ಮಂದಿ ಅಮೆರಿಕನ್ ಯೋಧರು ಧ್ವಜದ ಕಂಬವನ್ನು ಎತ್ತಿ ನಿಲ್ಲಿಸುತ್ತಿರುವ ಆ ಚಿತ್ರಕ್ಕೆ ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ಚಿತ್ರ ನೋಡಿದವರಿಗೆ ಅದು ವಿಜಯದ ಕ್ಷಣ. ನಿಜಕ್ಕೂ ಅದು ಕದನದ ಐದನೆಯ ದಿನ. ಕದನ ಮುಗಿದದ್ದು ಮಾರ್ಚ್ 26ಕ್ಕೆ. ಅಷ್ಟರಲ್ಲಿ ಸುಮಾರು 6,800 ಅಮೆರಿಕನ್ನರೂ ದ್ವೀಪದಲ್ಲಿದ್ದ ಸುಮಾರು 20,000 ಜಪಾನೀಯರಲ್ಲಿ ಬಹುಪಾಲು ಮಂದಿಯೂ ಸತ್ತಿದ್ದರು.

ಯುದ್ಧನಿಧಿಯ ಸಾಲಪತ್ರಗಳನ್ನು ಮಾರಲು ಅಮೆರಿಕ ಸರ್ಕಾರಕ್ಕೆ ಆ ಆರು ಮಂದಿ ಬೇಕಾಗಿದ್ದರು. ಆದರೆ ಚಿತ್ರದಲ್ಲಿ ಯಾರ ಮುಖವೂ ಸ್ಪಷ್ಟವಾಗಿಲ್ಲ. ಅವಸರದಲ್ಲಿ ಹೆಸರುಗಳ ಪಟ್ಟಿ ಸಿದ್ಧವಾಯಿತು. ಆ ಪಟ್ಟಿಯಲ್ಲಿ ಬದುಕಿ ಉಳಿದಿದ್ದ ಮೂವರನ್ನು ಊರೂರಿಗೆ ಕರೆದೊಯ್ದರು. ಅವರಲ್ಲೊಬ್ಬ ಪೀಮಾ ಬುಡಕಟ್ಟಿನ ಐರಾ ಹೇಯ್ಸ್. ಪಟ್ಟಿಯಲ್ಲಿ ತಪ್ಪಿದೆಯೆಂದು ಅವನಿಗೆ ಗೊತ್ತಿತ್ತು. 1946ರಲ್ಲಿ ಅವನೇ ಟೆಕ್ಸಾಸ್‌ಗೆ ಹೋಗಿ, ಮಡಿದಿದ್ದ ಹಾರ್ಲನ್ ಬ್ಲಾಕ್‌ನ ಮನೆಯವರಿಗೆ 'ಚಿತ್ರದಲ್ಲಿರುವುದು ನಿಮ್ಮ ಮಗನೇ' ಎಂದು ತಿಳಿಸಿದ. 1947ರಲ್ಲಿ ಪಟ್ಟಿ ತಿದ್ದುಪಡಿಯಾಯಿತು. ಖ್ಯಾತಿಯ ಭಾರದಲ್ಲಿ ನಲುಗಿ, ಕುಡಿತಕ್ಕೆ ಬಿದ್ದ ಹೇಯ್ಸ್ 1955ರಲ್ಲಿ 32ನೆಯ ವಯಸ್ಸಿಗೇ ತೀರಿಕೊಂಡ.

ಆದರೂ ಪಟ್ಟಿ ಪೂರ್ತಿ ಸರಿಯಾಗಿರಲಿಲ್ಲ. ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಹೆರಾಲ್ಡ್ ಶುಲ್ಟ್ಸ್‌ಗೆ ಆಗ 20 ವರ್ಷ. ಅದೇ ದ್ವೀಪದಲ್ಲಿ ಗಾಯಗೊಂಡು ಹಿಂತಿರುಗಿದವರು, ಲಾಸ್ ಏಂಜಲೀಸ್‌ನ ಅಂಚೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಇಡೀ ದೇಶ ಗೋಡೆಗೆ ತೂಗುಹಾಕಿಕೊಂಡ ಚಿತ್ರದಲ್ಲಿ ತಾವೂ ಇರುವುದನ್ನು ಅವರು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಕೊನೆಗಾಲದಲ್ಲಿ ಒಮ್ಮೆ ಊಟದ ಹೊತ್ತಿನಲ್ಲಿ, ಪತ್ನಿಯ ಮಗಳೊಡನೆ ಮಾತಿನ ನಡುವೆ ಆ ಸಂಗತಿ ಬಾಯಿಗೆ ಬಂತು. ಹಾಗಾದರೆ ನೀವು ವೀರರು ಎಂದಾಗ, ಅವರು ಒಪ್ಪಲಿಲ್ಲ. ತಾನು ಬರೀ ಒಬ್ಬ ಸಿಪಾಯಿಯಾಗಿದ್ದೆನಷ್ಟೇ ಎಂದರು. 1995ರಲ್ಲಿ ನಿಧನರಾದರು.

ಮುಂದಿನ ಕಥೆ ಸಾಕ್ಷ್ಯದ್ದು. ಇತಿಹಾಸದಲ್ಲಿ ಆಸಕ್ತಿಯಿದ್ದ ಇಬ್ಬರು ಹವ್ಯಾಸಿಗಳು ಅಂದು ಬೆಟ್ಟದ ಮೇಲೆ ತೆಗೆದ ಬೇರೆ ಬೇರೆ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದರು. ಮುಖಗಳನ್ನಲ್ಲ, ತೊಡುಗೆಗಳನ್ನು. ಜಾನ್ ಬ್ರಾಡ್ಲಿ ಎಂದು ನಂಬಿದ್ದ ಯೋಧನ ಪ್ಯಾಂಟಿನ ಅಂಚು ಮಡಚಿರಲಿಲ್ಲ, ಬ್ರಾಡ್ಲಿಯದು ಮಡಚಿತ್ತು. ಶುಲ್ಟ್ಸ್ ಅವರ ಶಿರಸ್ತ್ರಾಣದಿಂದ ಜೋತಾಡುತ್ತಿದ್ದ ಪಟ್ಟಿ, ಬಂದೂಕಿನ ಪಟ್ಟಿಯನ್ನು ಕಟ್ಟಿದ್ದ ವಿಲಕ್ಷಣ ರೀತಿ ಗುರುತಾದವು. ಸೇನೆ ವಿಚಾರಣೆ ನಡೆಸಿ, ಚಿತ್ರದಲ್ಲಿ ಬ್ರಾಡ್ಲಿ ಇಲ್ಲ, ಆರು ಮಂದಿಯಲ್ಲಿ ಒಬ್ಬರು ಶುಲ್ಟ್ಸ್ ಎಂದು 2016ರಲ್ಲಿ ಒಪ್ಪಿತು. 2019ರಲ್ಲಿ ರೆನೆ ಗ್ಯಾಗ್ನನ್ ಎಂದುಕೊಂಡಿದ್ದವರು ಹೆರಾಲ್ಡ್ ಕೆಲ್ಲರ್ ಎಂದೂ ತಿದ್ದಿತು.

ಇದರಿಂದ ಬ್ರಾಡ್ಲಿಯ ಗೌರವಕ್ಕೇನೂ ಕುಂದಿಲ್ಲ. ಗುಂಡಿನ ಮಳೆಯ ನಡುವೆ ಗಾಯಾಳುವಿನ ಶುಶ್ರೂಷೆ ಮಾಡಿದ್ದಕ್ಕೆ ಅವರಿಗೆ ನೇವಿ ಕ್ರಾಸ್ ಪದಕ ಬಂದಿತ್ತು. ಅಂದು ಬೆಳಿಗ್ಗೆ ಏರಿಸಿದ್ದ ಮೊದಲ, ಚಿಕ್ಕ ಧ್ವಜದ ಬಳಿ ಅವರೂ ಇದ್ದರು.

ತೆರೆಯ ಮೇಲೆ ಮೂಡುವ ಚಿತ್ರದ ಕೆಳಗೆ ಹೆಸರು ಬರೆಯುವುದು ನಮ್ಮ ನಿತ್ಯದ ಕೆಲಸ. ಕ್ಯಾಮೆರಾ ದಾಖಲಿಸಿದ್ದು ಸುಳ್ಳಾಗಿರಲಿಲ್ಲ. ಕೆಳಗೆ ನಾವು ಬರೆದ ಹೆಸರುಗಳು ತಪ್ಪಾಗಿದ್ದವು. ಅಲ್ಲಿ ಶುಲ್ಟ್ಸ್ ಹೆಸರು ಸೇರಲು 71 ವರ್ಷ ಬೇಕಾಯಿತು. ಅಷ್ಟರಲ್ಲಿ ಶುಲ್ಟ್ಸ್ ತೀರಿಕೊಂಡು 21 ವರ್ಷ ಕಳೆದಿತ್ತು.