ಸಾವಯವ ಬ್ರೆಡ್ ಹಿಟ್ಟು: ಚೀಲ ಒಂದು, ಪ್ರಶ್ನೆ ಎರಡು

ಇವತ್ತಿನ ಕಂತಿನಲ್ಲಿ ಹಿಟ್ಟಿನ ಇತಿಹಾಸ.

ಮನೇಲೇ ಸೋರ್‌ಡೋ ಬ್ರೆಡ್ ಮಾಡೋ ಹುಮ್ಮಸ್ಸು ಈಗ ಸುಮಾರು ಜನಕ್ಕೆ ಬಂದಿದೆ. ಇದಕ್ಕೆ ಅಂಗಡಿ ಈಸ್ಟ್ ಬೇಡ. ಹಿಟ್ಟು, ನೀರು ಕಲಸಿಟ್ಟರೆ ಕೆಲವು ದಿನದಲ್ಲಿ ತಾನೇ ಹುಳಿ ಬರುತ್ತೆ, ಆ ಹುಳಿಯಿಂದ ಬ್ರೆಡ್ ಉಬ್ಬುತ್ತೆ. ದೋಸೆ ಹಿಟ್ಟು ಹುಳಿ ಬರಿಸೋ ಮನೆಗಳಿಗೆ ಇದೇನೂ ಹೊಸ ವಿದ್ಯೆ ಅಲ್ಲ. ಕಷ್ಟ ಇರೋದು ಹಿಟ್ಟು ಆರಿಸೋದ್ರಲ್ಲಿ. ಫೋನ್‌ನಲ್ಲಿ ಹುಡುಕಿದ್ರೆ 'ಆರ್ಗ್ಯಾನಿಕ್', 'ಖಪಲಿ', 'ಕಲ್ಲಲ್ಲಿ ಬೀಸಿದ್ದು' ಅಂತ ಸಾಲುಸಾಲು ಬರುತ್ತೆ, ಬೆಲೆಯೂ ಜಾಸ್ತಿ. ಯಾವುದಕ್ಕೆ ದುಡ್ಡು ಕೊಡಬೇಕು? ಇದಕ್ಕೆ ಉತ್ತರ ಹುಡುಕೋಕೆ ಸಿರುಗುಪ್ಪ ತಾಲ್ಲೂಕಿನ ದೇಶನೂರಿನಿಂದ ಹೊರಡೋಣ.

ದೇಶನೂರು ಗೋಧಿಯ ಊರಲ್ಲ, ನೀರಿನ ಊರು. ತುಂಗಭದ್ರೆಗೆ ವಿಜಯನಗರ ಕಾಲದಲ್ಲಿ ಕಟ್ಟಿದ ಅಣೆಕಟ್ಟು-ಕಾಲುವೆಗಳ ಪಟ್ಟಿಯಲ್ಲಿ ಸಿರುಗುಪ್ಪದ ಜೊತೆ ದೇಶನೂರಿನ ಹೆಸರೂ ಇದೆ. 1953ರ ಹೊತ್ತಿಗೆ ಹೊಸಪೇಟೆ ಹತ್ತಿರದ ದೊಡ್ಡ ಅಣೆಕಟ್ಟು ಬಂತು, ಭತ್ತದ ಗದ್ದೆ ಇನ್ನೂ ಹಬ್ಬಿತು. ನೀರು ಹರಿಯದ ಕಪ್ಪು ನೆಲದಲ್ಲಿ ಬೆಳೀತಿದ್ದದ್ದು ಜೋಳ, ತಟ್ಟೇಲಿ ಇರ್ತಿದ್ದದ್ದು ರೊಟ್ಟಿ.

ಇನ್ನೂ ಹಿಂದೆ ಹೋಗೋಣ. ಇದೇ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಉತ್ಖನನ ಆಯ್ತು. ಸಿಕ್ಕಿದ್ದು ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ನವಶಿಲಾಯುಗದ ವಸತಿ. ಬಳ್ಳಾರಿ ಪಕ್ಕದ ಸಂಗನಕಲ್ಲಿನಂಥ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನ ವಿಜ್ಞಾನಿಗಳು ಪರೀಕ್ಷೆ ಮಾಡಿದಾರೆ. ಮುಖ್ಯ ಆಹಾರ ಕೊರಲೆಯಂಥ ಸಿರಿಧಾನ್ಯ, ಹುರುಳಿ, ಹೆಸರು. ಗೋಧಿ, ಜವೆ ಸಿಗುತ್ತವೆ, ಆದರೆ ಸ್ವಲ್ಪವೇ. ಅಂದ್ರೆ ಗೋಧಿ ಈ ನೆಲಕ್ಕೆ ಬಹಳ ಹಳೇ ನೆಂಟ, ಮನೆ ಯಜಮಾನ ಅಲ್ಲ.

ಹಾಗಾದ್ರೆ 'ನಮ್ಮ ನಾಟಿ ಗೋಧಿ' ಅಂತ ಮಾರೋ ಖಪಲಿ? ಅದು ನಿಜಕ್ಕೂ ನಮ್ಮದೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಇದಕ್ಕೆ ಸದಕ, ಜವೆಗೋಧಿ ಅಂತಲೂ ಹೆಸರು. ಹುಗ್ಗಿ, ಮಾದಲಿ, ಶಾವಿಗೆಗೆ ಇದೇ ಬೇಕು ಅನ್ನೋ ಮನೆಗಳಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರಲ್ಲಿ ಡಿಡಿಕೆ 1029ರಂಥ ತಳಿಗಳನ್ನ ಕೊಟ್ಟಿದೆ. ಆದರೆ ಒಂದು ಲೆಕ್ಕ ನೆನಪಿಡಿ: ಖಪಲಿಯ ಜೀವಕೋಶದಲ್ಲಿ 28 ಕ್ರೋಮೋಸೋಮ್, ಬ್ರೆಡ್ ಗೋಧಿಯಲ್ಲಿ 42. ಆ ಹೆಚ್ಚಿನ 14 ಬಂದದ್ದು ಒಂದು ಕಾಡು ಹುಲ್ಲಿನಿಂದ. ಹಿಟ್ಟು ರಬ್ಬರಿನ ಹಾಗೆ ಎಳೆದು ಗಾಳಿ ಹಿಡಿಯೋ ಗುಣದಲ್ಲಿ ದೊಡ್ಡ ಪಾಲು ಅದರದ್ದು. ಹಾಗಾಗಿ ಬರೀ ಖಪಲಿಯಲ್ಲಿ ಮಾಡಿದ ಬ್ರೆಡ್ ಸಾಮಾನ್ಯವಾಗಿ ಅಷ್ಟು ಏಳೋದಿಲ್ಲ. ತಪ್ಪು ನಿಮ್ಮ ಕೈಯದ್ದಲ್ಲ. ಇನ್ನೊಂದು ಮಾತು: ಖಪಲಿಯಲ್ಲಿ ಗ್ಲುಟನ್ ಇದೆ. 'ಗ್ಲುಟನ್ ಇಲ್ಲ' ಅಂತ ಯಾರಾದ್ರೂ ಮಾರಿದ್ರೆ ನಂಬಬೇಡಿ. ಸೀಲಿಯಾಕ್ ಕಾಯಿಲೆ ಇರೋರಿಗೆ ಅದು ಅಪಾಯ.

ಈಗ ಬ್ರೆಡ್ ಕಡೆ ಬರೋಣ. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮರ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯ್ತು. ಬಳ್ಳಾರಿಯಲ್ಲಿ ದಂಡು ಕೂತಿತು. ಬಿಳಿ ಸೈನಿಕರ ಪಡಿತರದಲ್ಲಿ ಬ್ರೆಡ್ ಇರ್ತಿತ್ತು. ಆಗ ಪ್ಯಾಕೆಟ್ ಈಸ್ಟ್ ಎಲ್ಲಿತ್ತು? ಮದ್ರಾಸ್ ಪ್ರಾಂತ್ಯದಲ್ಲಿ ಹಿಟ್ಟು ಉಬ್ಬಿಸೋಕೆ ಸೇಂದಿ ಬಳಸ್ತಿದ್ರು. ಅಂದ್ರೆ ಅದೂ ಒಂಥರಾ ಕಾಡು ಈಸ್ಟ್‌ನ ಬ್ರೆಡ್ಡೇ.

'ಆರ್ಗ್ಯಾನಿಕ್' ಅನ್ನೋ ಮಾತು ಬಂದದ್ದು ಆಮೇಲೆ. ಇಲ್ಲೊಂದು ತಮಾಷೆ ಇದೆ. 1905ರಲ್ಲಿ ಆಲ್ಬರ್ಟ್ ಹೋವರ್ಡ್ ಅನ್ನೋ ಇಂಗ್ಲಿಷ್ ಸಸ್ಯವಿಜ್ಞಾನಿ ಬಿಹಾರದ ಪೂಸಾಕ್ಕೆ ಬಂದ. ಆತ, ಆತನ ಹೆಂಡತಿ ಗೇಬ್ರಿಯಲ್ ಇಬ್ಬರೂ ಭಾರತದ ಗೋಧಿಗಳನ್ನ ವಿಂಗಡಿಸಿದರು, ಯಾವುದರ ಹಿಟ್ಟಿಂದ ಒಳ್ಳೇ ಬ್ರೆಡ್ ಆಗುತ್ತೆ ಅಂತ ಪರೀಕ್ಷೆ ಮಾಡಿಸಿದರು, ಪೂಸಾ 4, ಪೂಸಾ 12 ತಳಿ ಕೊಟ್ಟರು. ಮುಂದೆ ಇದೇ ಹೋವರ್ಡ್ ಇಂದೋರಿನಲ್ಲಿ ಕಾಂಪೋಸ್ಟ್ ವಿಧಾನ ರೂಪಿಸಿ, 1940ರಲ್ಲಿ 'ಆ್ಯನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್' ಪುಸ್ತಕ ತಂದು, ಸಾವಯವ ಕೃಷಿಯ ಪಿತಾಮಹರಲ್ಲಿ ಒಬ್ಬ ಅನ್ನಿಸಿಕೊಂಡ. ಎರಡೂ ಕೆಲಸ ಮಾಡಿದ ಮನುಷ್ಯ ಒಬ್ಬನೇ, ಆದರೆ ಕೆಲಸಗಳು ಬೇರೆ ಬೇರೆ. ಬ್ರೆಡ್ ಆಗುತ್ತಾ ಅನ್ನೋದನ್ನ ಮುಖ್ಯವಾಗಿ ತಳಿ ಹೇಳುತ್ತೆ. ನೆಲಕ್ಕೆ ಏನು ಹಾಕಿದ್ರು ಅನ್ನೋದನ್ನ 'ಸಾವಯವ' ಹೇಳುತ್ತೆ. ನಾವು ಚೀಲ ಕೊಳ್ಳುವಾಗ ಈ ಎರಡನ್ನೂ ಕಲಸಿಬಿಡ್ತೀವಿ.

ಹಾಗಾದ್ರೆ ಕೊಳ್ಳೋದು ಹೇಗೆ? ಎರಡು ಪ್ರಶ್ನೆ ಬೇರೆ ಬೇರೆ ಕೇಳಿ.

ಮೊದಲನೇದು, ಇದು ಸಾವಯವವಾ? 2018ರ ಜುಲೈ 1ರಿಂದ ಇದಕ್ಕೆ ಕೇಂದ್ರದ ಆಹಾರ ಸುರಕ್ಷತಾ ನಿಯಮ ಇದೆ. ಚೀಲದ ಮೇಲೆ ಸಾವಯವ ಪ್ರಮಾಣೀಕರಣದ ಗುರುತು ನೋಡಿ. ನೇರವಾಗಿ ಗ್ರಾಹಕರಿಗೆ ಮಾರೋ ಸಣ್ಣ ರೈತರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅವರ ಹತ್ತಿರ ಗುರುತು ಇಲ್ಲ ಅಂದ ಮಾತ್ರಕ್ಕೆ ಮೋಸ ಅಲ್ಲ, ಹೇಗೆ ಬೆಳೆದ್ರಿ ಅಂತ ಮಾತಾಡಿಸಿ.

ಎರಡನೇದು, ಇದು ಉಬ್ಬುತ್ತಾ? ಪ್ರೋಟೀನ್ ಅಂಕಿ ನೋಡಿ, 100 ಗ್ರಾಂಗೆ 12ರ ಆಸುಪಾಸು ಇದ್ದರೆ ಒಳ್ಳೇದು. ಆದರೆ ಇಡೀ ಗೋಧಿ ಹಿಟ್ಟಿನ ಅಂಕಿಯಲ್ಲಿ ತೌಡಿನ ಪ್ರೋಟೀನೂ ಸೇರಿರುತ್ತೆ, ಅದು ಬ್ರೆಡ್ ಎತ್ತಲ್ಲ. ನಂಬಿಕೆ ಬರದಿದ್ರೆ ಹಿಟ್ಟಿನ ಪುಟ್ಟ ಉಂಡೆ ಕಲಸಿ, ಅರ್ಧ ಗಂಟೆ ಬಿಟ್ಟು ನೀರಲ್ಲಿ ಹಿಸುಕಿ ತೊಳೀರಿ. ಹಾಲಿನಂಥ ಪಿಷ್ಟ ಹರಿದು ಹೋಗಿ ಅಂಟು ಉಳಿಯುತ್ತೆ. ಅದು ಹರಿಯದೆ ಎಳೆದರೆ ಬ್ರೆಡ್‌ಗೆ ಸರಿ. ಪುಡಿಪುಡಿ ಆದರೆ ಚಪಾತಿಗೆ ಇಡಿ.

ಮೊದಲು ಅರ್ಧ ಕಿಲೋ ತಂದು ನೋಡಿ, ಆಮೇಲೆ ಐದು ಕಿಲೋ. ಖಪಲಿ ರುಚಿ ಬೇಕಾ? ಬ್ರೆಡ್ ಗೋಧಿ ಹಿಟ್ಟಿಗೆ ಕಾಲು ಭಾಗ ಬೆರೆಸಿ. ಉಳಿದದ್ದರಲ್ಲಿ ಹುಗ್ಗಿ ಮಾಡಿ, ಖಪಲಿ ಹೆಸರು ಮಾಡಿದ್ದೇ ಅದರಲ್ಲಿ.

ಮುಂದಿನ ಕಂತಿನಲ್ಲಿ ಸಿಗೋಣ.