ಸೊನ್ನೆ ಬರೆದ ಸಭೆ

ಅಮೆರಿಕದ ವರ್ಜೀನಿಯಾದಲ್ಲಿ ಪ್ರಿನ್ಸ್ ಎಡ್ವರ್ಡ್ ಅಂತ ಒಂದು ಕೌಂಟಿ, ನಮ್ಮ ತಾಲ್ಲೂಕಿನಂಥದ್ದು. 1951ರಲ್ಲಿ 16ರ ಹುಡುಗಿ ಬಾರ್ಬರಾ ಜಾನ್ಸ್ ಮುಂದಾಗಿ, ಟಾರುಕಾಗದದ ಶೆಡ್ಡುಗಳಲ್ಲಿ ಓದುತ್ತಿದ್ದ ಕಪ್ಪು ಮಕ್ಕಳು ಮುಷ್ಕರ ಹೂಡಿದರು. ಅವರ ಮೊಕದ್ದಮೆಯೂ ಸೇರಿ, 1954ರಲ್ಲಿ ಸುಪ್ರೀಂ ಕೋರ್ಟು ಬಣ್ಣಕ್ಕೊಂದು ಶಾಲೆ ಕೂಡದೆಂದಿತು. ಯಜಮಾನರು ಕೇಳಿದರೇ? 1959ರ ಜೂನ್‌ನಲ್ಲಿ ಕೌಂಟಿಯ ಆಡಳಿತ ಮಂಡಳಿ ಸಭೆ ಸೇರಿ, ಎಲ್ಲರನ್ನೂ ಒಟ್ಟಿಗೆ ಕೂರಿಸೋದಾದರೆ ಶಾಲೆಗೆ ತೆರಿಗೆಯನ್ನೇ ಎತ್ತೋದಿಲ್ಲ ಎಂದು ತೀರ್ಮಾನಿಸಿತು. ದೊಣ್ಣೆಯಿಲ್ಲ, ಬೈಗುಳವಿಲ್ಲ, ಬಜೆಟ್ಟಿನಲ್ಲೊಂದು ಸೊನ್ನೆ. ಸಭೆಗಳ ನಡಾವಳಿಯನ್ನು ನಾವು ಕಣ್ಣಿಟ್ಟು ಓದಬೇಕಾದ್ದು ಇದಕ್ಕೇ.

ಸರ್ಕಾರಿ ಶಾಲೆಗಳಿಗೆಲ್ಲ ಬೀಗ ಬಿತ್ತು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು, 1960ರಲ್ಲಿ ಅದಕ್ಕೆ ಸಾರ್ವಜನಿಕ ಹಣವೂ ಹರಿಯಿತು. ಕಪ್ಪು ಮಕ್ಕಳಲ್ಲಿ ಕೆಲವರು ನೆಂಟರೂರು ಸೇರಿದರು, ಎಷ್ಟೋ ಮಂದಿಗೆ ಅಕ್ಷರವೇ ತಪ್ಪಿತು. 1964ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಗದರಿದ ಮೇಲೆ ಬೀಗ ತೆಗೆದರು. ಬಾಗಿಲು ಮುಚ್ಚಿದಾಗ 10 ವರ್ಷದವನಾಗಿದ್ದ ಹುಡುಗನಿಗೆ ಆಗ 15.