ತಾಯ್ನುಡಿಯಲ್ಲಿ ಬೇರೂರಿದ ವಿಶ್ವಾಸ

ನಂಜನಗೂಡನ್ನು ಹಾದುಬರುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ಕಾವೇರಿಯ ಮೇಲ್ಹರಿವಿನಲ್ಲಿರುವ ಶ್ರೀರಂಗಪಟ್ಟಣವೇ ಮೈಸೂರು ಸೀಮೆಯ ಕಥೋಲಿಕ ಸೇವಾಕಾರ್ಯದ ತವರು. ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿರುವ ಈ ಶುಭ ಸಂದರ್ಭದಲ್ಲಿ ಆ ಮೂಲವನ್ನು ಸ್ಮರಿಸುವುದು ಉಚಿತ.

1649ರ ಸುಮಾರಿಗೆ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಇಟಲಿಯಿಂದ ಬಂದು ಅಲ್ಲಿ ನೆಲೆಸಿದರು. ಅದು ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಾಲ. ಅವರು ಸನ್ಯಾಸಿಯಂತೆ ಬಾಳಿ, ಕನ್ನಡವನ್ನು ಶ್ರದ್ಧೆಯಿಂದ ಕಲಿತು, ಜ್ಞಾನೋಪದೇಶವನ್ನೂ ವ್ಯಾಕರಣ, ಶಬ್ದಕೋಶಗಳನ್ನೂ ರಚಿಸಿದರು.

ಇದೇ ಕಾಲದಲ್ಲಿ ದಕ್ಷಿಣ ಅಮೆರಿಕದಲ್ಲಿ ಅದೇ ಸಭೆಯ ಗುರುಗಳು ಅಮೆಜಾನ್ ನದಿಯ ಮೇಲ್ದಂಡೆಯ ಮಾಯ್ನಾಸ್ ಅರಣ್ಯಗಳಲ್ಲಿ ದುಡಿಯುತ್ತಿದ್ದರು. ಆ ಕಾರ್ಯ 1638ರಲ್ಲಿ ಆರಂಭವಾಗಿತ್ತು. ಬುಡಕಟ್ಟಿಗೊಂದು ನುಡಿಯಿದ್ದ ಆ ಕಾಡುಗಳಲ್ಲಿ ಅವರು ಕೆಚುವಾ ಭಾಷೆಯನ್ನು ಬೋಧನೆಯ ಸಾಮಾನ್ಯ ಭಾಷೆಯಾಗಿ ಬಳಸಿದರು. ಕೆಚುವಾದಲ್ಲಿ ಜ್ಞಾನೋಪದೇಶ ಗ್ರಂಥವು 1584ರಲ್ಲಿಯೇ ಲಿಮಾ ನಗರದಲ್ಲಿ ಅಚ್ಚಾಗಿತ್ತು. ಆದರೆ ಅಲ್ಲಿ ಸ್ಪೇನಿನ ಸೈನ್ಯದ ನೆರಳೂ ಸಿಡುಬಿನ ಪಿಡುಗೂ ಶುಭಸಂದೇಶದ ಜೊತೆಗೇ ಬಂದು ಅಸಂಖ್ಯ ಜನರು ಅಳಿದರೆಂಬುದನ್ನು ಮರೆಯಲಾಗದು. 1767ರಲ್ಲಿ ಸ್ಪೇನಿನ ಅರಸನು ಯೇಸುಸಭೆಯನ್ನು ತನ್ನ ರಾಜ್ಯಗಳಿಂದ ಹೊರಗಟ್ಟಿದನು. ಗುರುಗಳು ಹೋದರೂ ಕೆಚುವಾ ನುಡಿ ಉಳಿಯಿತು. ಆ ಕಾಡೂರುಗಳಲ್ಲಿ ಇಂದಿಗೂ ಅದನ್ನಾಡುವ ಕ್ರೈಸ್ತರಿದ್ದಾರೆ.

ನಮ್ಮಲ್ಲಿಯೂ ಅಂಥದೇ ಪರೀಕ್ಷೆ ಬಂದಿತು. 1773ರಲ್ಲಿ ಜಗದ್ಗುರುಗಳು ಯೇಸುಸಭೆಯನ್ನೇ ವಿಸರ್ಜಿಸಿದ್ದರಿಂದ ಗುರುಗಳು ವಿರಳರಾದರು. ಯುದ್ಧಗಳೂ ಸಂಕಟಗಳೂ ಒದಗಿದವು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಅಬ್ಬೆ ದ್ಯುಬುವಾ ಅವರು ಚದುರಿದ್ದ ವಿಶ್ವಾಸಿಗಳನ್ನು ಮತ್ತೆ ಒಗ್ಗೂಡಿಸಿದರು. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. 1803-04ರಲ್ಲಿ ಅವರು 25,000ಕ್ಕೂ ಹೆಚ್ಚು ಜನರಿಗೆ ಸಿಡುಬಿನ ವಿರುದ್ಧ ದೇವಿಹಾಕಿಸಿದರು. ಅಮೆಜಾನಿನಲ್ಲಿ ಜನರನ್ನು ಕೊಂದ ಅದೇ ರೋಗದಿಂದ ಇಲ್ಲಿ ಒಬ್ಬ ಗುರು ಜನರನ್ನು ಕಾಪಾಡಿದರು.

ಗುರುಗಳಿಲ್ಲದ ದಿನಗಳಲ್ಲಿ ವಿಶ್ವಾಸವು ಉಳಿಯಬೇಕಾದರೆ ಮನೆಯಲ್ಲಿ ಕಲಿತ ಜಪಗಳೇ ಆಧಾರ. ಎರಡನೆಯ ವ್ಯಾಟಿಕನ್ ಮಹಾಸಭೆಯು (1962-65) ಬಲಿಪೂಜೆಯಲ್ಲಿ ತಾಯ್ನುಡಿಗೆ ಎಡೆಮಾಡಿತು. ಮನೆಯ ಜಪಕ್ಕಾದರೋ ಅದೇ ಮೊದಲಿನಿಂದಲೂ ಆಸರೆ. ಇಂದು ನಮಗೆ ಗುರುಗಳ ಕೊರತೆಯಿಲ್ಲ, ಗ್ರಂಥಗಳ ಕೊರತೆಯಿಲ್ಲ. ಆದರೆ ಅಜ್ಜಿ ಹೇಳುವ ಜಪವು ಮೊಮ್ಮಗುವಿಗೆ ಅರ್ಥವಾಗದ ಮನೆಗಳಿವೆ. ಪ್ರಿಯ ಭಕ್ತಾದಿಗಳೇ, ಶತಮಾನೋತ್ಸವದ ಕಾಣಿಕೆಯಾಗಿ ಒಂದು ಕಾರ್ಯವನ್ನು ಕೈಗೊಳ್ಳಿರಿ: ನಿಮ್ಮ ಮನೆಯ ಹಿರಿಯರ ಬಾಯಲ್ಲಿರುವ ಹಳೆಯ ಜಪಗಳನ್ನೂ ಹಾಡುಗಳನ್ನೂ ಬರೆದಿಡಿರಿ, ಮಕ್ಕಳೊಂದಿಗೆ ಪ್ರತಿದಿನ ಸಂಜೆ ಹೇಳಿರಿ. ಕಲ್ಲಿನ ದೇವಾಲಯವನ್ನು ನಾವು ದುರಸ್ತಿ ಮಾಡಬಹುದು. ಮರೆತುಹೋದ ಜಪವನ್ನು ಮರಳಿ ತರುವವರಾರು? ಪ್ರಭುವು ನಿಮ್ಮೆಲ್ಲರ ಮನೆಗಳನ್ನು ಆಶೀರ್ವದಿಸಲಿ.